ಪದಚರ್ಚೆ: ಪಾಚಿ ‘ಕಟ್ಟುವುದು’, ಪಾಚಿ ‘ಬೆಳೆಸುವುದು’, ನೀರಿನ ‘ಸಾರ’

ಗೆಳೆಯರೇ, ನಮಸ್ಕಾರ.

ಮೂರು ನಾಲ್ಕು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ. ಸಂದರ್ಭ ಹೇಳದೆ ಬರೀ ಪದ ಕೇಳಿದರೆ ಉತ್ತರವೂ ನಿಘಂಟಿನ ಉತ್ತರವೇ ಆಗಿಬಿಡುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಬಸವನಗುಡಿಯಲ್ಲಿ. ಹಾಲ್‌ನಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಆರು ವರ್ಷವಾಯಿತು. ಎರಡು ಕೋಡಂಗಿ ಮೀನು, ಒಂದಿಷ್ಟು ಬಂಡೆ, ಬಂಡೆಗೆ ಅಂಟಿಕೊಂಡ ಮೆತ್ತನೆಯ ಅಣಬೆ ಹವಳ. (ಕಲ್ಲು ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿ ಅದು. ಅವನ್ನು ಮನೆಗೆ ತರಬೇಡಿ ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ.) ಈ ಹವ್ಯಾಸಕ್ಕೆ ಹೊಸದಾಗಿ ಬಂದ ಕೆಲವು ಹುಡುಗರು ಕನ್ನಡದಲ್ಲಿ ಓದಲು ಏನಾದರೂ ಕೊಡಿ ಅಂದರು. ಕೂತು ನಾಲ್ಕು ಪುಟ ಬರೆದೆ. ಮೊದಲ ಸಾಲು ಹೀಗಿತ್ತು: “ಸಂಪ್‌ನಲ್ಲಿ ಪಾಚಿ ಬೆಳೆಸಿ ನೀರಿನ ಪೋಷಕಾಂಶಗಳನ್ನು ನಿಯಂತ್ರಿಸಬಹುದು.”

ಅತ್ತಿಗೆಗೆ ಓದಲು ಕೊಟ್ಟೆ. ಅವರು ಅಲ್ಲೇ ನಿಂತರು. “ಏನಪ್ಪಾ ಇದು, ಸಂಪ್‌ನಲ್ಲಿ ಪಾಚಿ ಬೆಳೆಸೋದಾ? ಮೊನ್ನೆ ತಾನೇ ದುಡ್ಡು ಕೊಟ್ಟು ಪಾಚಿ ತೆಗೆಸಿದ್ವಲ್ಲ. ಆಮೇಲೆ ಪೋಷಕಾಂಶ ಕಡಿಮೆ ಆದ್ರೆ ಮೀನು ಸೊರಗಲ್ವಾ?”

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಾನು ಬರೆದ ಸಾಲು ಕನ್ನಡದಲ್ಲಿ ಹಾಗೆಯೇ ಕೇಳಿಸುತ್ತದೆ.

ಸಂಪ್‌ನದು ಸುಲಭ. ಬೆಂಗಳೂರಿನಲ್ಲಿ ಸಂಪ್ ಅಂದರೆ ಗೇಟಿನ ಹತ್ತಿರ ನೆಲದೊಳಗೆ ಇರುವ, ಕಾವೇರಿ ನೀರು ಬಂದು ಬೀಳುವ ತೊಟ್ಟಿ. ಅಕ್ವೇರಿಯಂನವರು ಸಂಪ್ ಅನ್ನುವುದು ಮುಖ್ಯ ತೊಟ್ಟಿಯ ಕೆಳಗೆ, ಸ್ಟ್ಯಾಂಡಿನೊಳಗೆ ಇಡುವ ಎರಡನೇ ಗಾಜಿನ ತೊಟ್ಟಿಗೆ. ಮೇಲಿನ ನೀರು ಅಲ್ಲಿಗೆ ಇಳಿದು, ಪಂಪ್‌ನಿಂದ ಮತ್ತೆ ಮೇಲೆ ಹೋಗುತ್ತದೆ. ‘ಕೆಳತೊಟ್ಟಿ’ ಅಂತ ಬದಲಾಯಿಸಿದೆ. ಇದಕ್ಕೆ ಯಾರದ್ದೂ ಆಕ್ಷೇಪ ಇರಲಾರದು.

ಪಾಚಿಯದೇ ಕಷ್ಟ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ‘ಶೈವಲ’ ಅಂತಿದೆ. ಪರೀಕ್ಷೆ ಮುಗಿದ ಮೇಲೆ ಆ ಪದವನ್ನು ಯಾರೂ ಬಾಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. ‘ಹಾವಸೆ’ ಚೆಂದದ ಪದ, ಆದರೆ ಗೋಡೆಯ ಮೇಲೆ ಮಳೆಗಾಲದಲ್ಲಿ ಬರುವ ಹಸಿರಿಗೂ ಅದನ್ನೇ ಅನ್ನುತ್ತೇವೆ. ‘ಕಡಲಕಳೆ’ ಅಂತ ಕೆಲವರು ಬರೆಯುತ್ತಾರೆ, ಇಂಗ್ಲಿಷಿನ ಪದವನ್ನು ಎರಡು ತುಂಡು ಮಾಡಿ ಕನ್ನಡಕ್ಕೆ ಎತ್ತಿಟ್ಟ ಹಾಗಿದೆ. ಕಳೆ ಅಂದರೆ ಬೇಡದ ಗಿಡ. ನಾವೇ ಬೇಕು ಅಂತ ತಂದು, ದೀಪ ಹಾಕಿ ಸಾಕುವುದನ್ನು ಕಳೆ ಅಂತ ಕರೆಯುವುದು ಹೇಗೆ?

ಉಳಿಯುವುದು ಪಾಚಿ. ಪಚ್ಚೆ, ಹಸಿರು, ಪಾಚಿ ಎಲ್ಲ ಒಂದೇ ಬೇರಿನಿಂದ ಬಂದವು. ತಮಿಳರು ಪಾಸಿ ಅನ್ನುತ್ತಾರೆ, ಕಡಲಿನದಕ್ಕೆ ಕಡಲ್‌ಪಾಸಿ. ನಮ್ಮಲ್ಲಿ ಮಾತ್ರ ಈ ಪದಕ್ಕೆ ಕೊಳೆಯ ವಾಸನೆ ಹತ್ತಿಕೊಂಡಿದೆ. ಬಾವಿ ಮೆಟ್ಟಿಲು ಪಾಚಿ ಕಟ್ಟಿದೆ, ಜಾರುತ್ತದೆ. ಹಲ್ಲು ಪಾಚಿ ಕಟ್ಟಿದೆ, ಉಜ್ಜಿಕೋ. ಹೀಗೇ ತಾನೇ ನಾವು ಆಡುವುದು?

ಇಲ್ಲಿ ನನಗೊಂದು ವಿಷಯ ಹೊಳೆಯಿತು, ಅದನ್ನೇ ಮುಖ್ಯವಾಗಿ ನಿಮ್ಮ ಮುಂದೆ ಇಡಬೇಕು ಅಂತ ಬರೆಯಲು ಕೂತದ್ದು. ಕೊಳೆ ಇರುವುದು ‘ಪಾಚಿ’ಯಲ್ಲಲ್ಲ, ‘ಕಟ್ಟು’ವುದರಲ್ಲಿ. ಜಿಡ್ಡು ಕಟ್ಟುತ್ತದೆ, ಜೇಡ ಬಲೆ ಕಟ್ಟುತ್ತದೆ, ತುಕ್ಕು ಹಿಡಿಯುತ್ತದೆ, ಧೂಳು ಕೂರುತ್ತದೆ. ಇವೆಲ್ಲ ನಾವು ನೋಡಿಕೊಳ್ಳದಿದ್ದಾಗ ತಾವಾಗಿಯೇ ಆಗುವಂಥವು. ಅದೇ ಭತ್ತದ ಗದ್ದೆಗೆ ಹೋಗಿ ನೋಡಿ. ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ ಅಂತ ‘ನೀಲಿ ಹಸಿರು ಪಾಚಿ’ಯನ್ನು ರೈತರು ಗೊಬ್ಬರಕ್ಕಾಗಿ ಬೆಳೆಸುತ್ತಾರೆ. ಕೃಷಿಯವರು ಪಾಚಿ ಅಂತಲೇ ಬರೆಯುತ್ತಾರೆ, ಯಾರಿಗೂ ಮುಜುಗರವಿಲ್ಲ. ಅಂದರೆ ಗಾಜಿಗೆ ಅಂಟುವುದು ಪಾಚಿ ‘ಕಟ್ಟುವುದು’, ಕೆಳತೊಟ್ಟಿಯಲ್ಲಿ ಮಾಡುವುದು ಪಾಚಿ ‘ಬೆಳೆಸುವುದು’. ಹೆಸರು ಒಂದೇ ಇರಲಿ, ಕ್ರಿಯಾಪದ ವ್ಯತ್ಯಾಸ ಹೇಳುತ್ತದೆ. ಟಿಪ್ಪಣಿ ಪೂರ್ತಿ ಇದನ್ನು ಬಿಡದೆ ಪಾಲಿಸಿದೆ. ಅತ್ತಿಗೆಗೆ ಎರಡನೇ ಸಲ ಕೊಟ್ಟಾಗ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಬೆಳೆಸುವ ಪಾಚಿ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ, ಪದ ಸೂಚಿಸುವವರಿಗೆ ಬೇಕಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಕೆಳತೊಟ್ಟಿಗೆ ಕೈ ಹಾಕುತ್ತೇನೆ. ಅಲ್ಲಿರುವುದರ ಹೆಸರು ಕೀಟೋಮಾರ್ಫಾ. ಲೋಳೆ ಇಲ್ಲ, ಜಾರುವುದಿಲ್ಲ, ಪಾತ್ರೆ ಉಜ್ಜುವ ನಾರಿನ ಹಾಗೆ ಒರಟು. ಎಳೆಗೆ ಎಳೆ ಸಿಕ್ಕುಬಿದ್ದು ತೆಂಗಿನಕಾಯಿ ಗಾತ್ರದ ಕಡುಹಸಿರು ಉಂಡೆಯಾಗಿರುತ್ತದೆ. ಎತ್ತಿದರೆ ದಳದಳ ನೀರು ಸುರಿಯುತ್ತದೆ, ಒಳಗಿಂದ ಎಳ್ಳುಕಾಳಿನಷ್ಟು ಪುಟ್ಟ ಸಿಗಡಿಯಂಥ ಹುಳುಗಳು ಅಂಗೈ ಮೇಲೆ ಚಿಮ್ಮುತ್ತವೆ, ಅವನ್ನು ಮತ್ತೆ ನೀರಿಗೆ ಉದುರಿಸಿ, ಉಂಡೆಯಲ್ಲಿ ಅರ್ಧ ಕತ್ತರಿಸಿ ತೆಗೆದು, ಹಿಂಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡು, ಉಪ್ಪು ಹೋಗುವ ತನಕ ತೊಳೆದು ತಾರಸಿಯ ಗಿಡಗಳ ಬುಡಕ್ಕೆ ಹಾಕುತ್ತೇನೆ. ಮಗಳು ಇದಕ್ಕೆ ‘ಶ್ಯಾವಿಗೆ ಪಾಚಿ’ ಅನ್ನುತ್ತಾಳೆ. ಟಿಪ್ಪಣಿಯಲ್ಲೂ ಅದೇ ಹೆಸರು ಬಂದಿದೆ. ಗಾಜಿನ ಮೇಲಿನ ಉದ್ದನೆಯದು ಕೂದಲು ಪಾಚಿ, ಬಂಡೆಗೆ ನೇರಳೆ ಬಣ್ಣ ಬಳಿದ ಹಾಗೆ ಗಟ್ಟಿಯಾಗಿ ಕೂರುವುದು ಸುಣ್ಣದ ಪಾಚಿ (ನಿಜವಾಗಿಯೂ ಅದು ಸುಣ್ಣದ ಪದರವನ್ನೇ ಕಟ್ಟುತ್ತದೆ). ಕೆಂಪು ಲೋಳೆಯ ಹಾಗೆ ಮರಳಿನ ಮೇಲೆ ಹರಡುವುದು ಪಾಚಿಯಲ್ಲ, ಬ್ಯಾಕ್ಟೀರಿಯಾ. ಅದನ್ನು ಸುಮ್ನೆ ‘ಕೆಂಪು ಲೋಳೆ’ ಅಂದೆ.

ಇನ್ನು ಪೋಷಕಾಂಶ. ಮೀನಿಗೆ ಹಾಕಿದ ತಿಂಡಿ, ಮೀನಿನ ಗಲೀಜು ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ನಿಂತು ಅದು ತೊಟ್ಟಿಯಲ್ಲೇ ಕೂಡುತ್ತಾ ಹೋಗುತ್ತದೆ, ಜೊತೆಗೆ ಫಾಸ್ಫೇಟ್ ಕೂಡ. ಇವನ್ನೇ ಹವ್ಯಾಸಿಗಳು ಪೋಷಕಾಂಶ ಅನ್ನುವುದು. ಕನ್ನಡದಲ್ಲಿ ಪೋಷಕಾಂಶ ಅಂದರೆ ಮಕ್ಕಳ ಹಾಲಿನ ಪುಡಿ ಡಬ್ಬಿಯ ಮೇಲಿನ ಪದ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಅದು ಹೆಚ್ಚಾಗಿ ಹವಳ ಕಂದು ತಿರುಗಿತು ಅಂದರೆ ಓದುವವರಿಗೆ ಗೊಂದಲವೇ.

‘ಗೊಬ್ಬರ’ ಅಂತ ಬರೆದು ನೋಡಿದೆ. ರಸಾಯನದ ಮಟ್ಟಿಗೆ ಸರಿ, ಹೊಲಕ್ಕೆ ಚೆಲ್ಲುವುದೂ ಇದೇ ನೈಟ್ರೇಟ್, ಫಾಸ್ಫೇಟ್. ಆದರೆ ಗೊಬ್ಬರ ನಾವು ಹಾಕುವಂಥದ್ದು, ಇದು ತಾನಾಗಿ ಕೂಡಿದ್ದು. ಕೊನೆಗೆ ‘ಸಾರ’ಕ್ಕೆ ಬಂದು ನಿಂತಿದ್ದೇನೆ. ನೆಲದ ಸಾರ ಅನ್ನುತ್ತೇವಲ್ಲ, ಹಾಗೆ ನೀರಿನ ಸಾರ. ನೈಟ್ರೋಜನ್‌ಗೆ ಕನ್ನಡದಲ್ಲಿ ಸಾರಜನಕ ಅಂತ ಹೆಸರಿಟ್ಟವರು ಈ ನಂಟನ್ನು ಆಗಲೇ ಕಂಡಿದ್ದರು ಅನ್ನಿಸುತ್ತದೆ. ಸಾರದ ಜೊತೆ ಕ್ರಿಯಾಪದಗಳೂ ಸಿದ್ಧವಾಗಿ ಬರುತ್ತವೆ. ಬೆಳೆ ಸಾರ ಹೀರುತ್ತದೆ, ಸಾರ ಇಳಿಯುತ್ತದೆ, ಸಾರ ಹೆಚ್ಚಾದರೆ ಪೈರು ಕೊಬ್ಬುತ್ತದೆ, ತೆನೆ ಬರುವುದಿಲ್ಲ. ಹವಳದ ಕಥೆಯೂ ಹಾಗೇ. ಅದರ ಮೈಯೊಳಗೇ ಕಣ್ಣಿಗೆ ಕಾಣದ ಪಾಚಿ ವಾಸವಿರುತ್ತದೆ, ನೀರಿನ ಸಾರ ಹೆಚ್ಚಾದಾಗ ಆ ಒಳಪಾಚಿ ಕೊಬ್ಬಿ ಹವಳದ ಬಣ್ಣ ಕಂದಾಗುತ್ತದೆ.

‘ನಿಯಂತ್ರಣ’ ಬಿಟ್ಟು ‘ಹದ’ ಬಳಸಿದ್ದೇನೆ. ಇದು ಬರೀ ಶೈಲಿಯ ಮಾತಲ್ಲ. ನಿಯಂತ್ರಣ ಅಂದರೆ ಹುಡುಗರು ಸೊನ್ನೆಗೆ ತರಬೇಕು ಅಂದುಕೊಳ್ಳುತ್ತಾರೆ. ಸೊನ್ನೆಗೆ ತಂದರೆ ಹವಳ ಬಿಳಿಚುತ್ತದೆ, ಮರಳಿನ ಮೇಲೆ ಡೈನೋಫ್ಲಾಜೆಲೇಟ್ ಅನ್ನುವ ಕಂದು ಲೋಳೆ ಬಂದು ಕೂರುತ್ತದೆ, ಅದನ್ನು ಓಡಿಸುವುದು ಬಹಳ ಕಷ್ಟ. ಸಾಮಾನ್ಯವಾಗಿ ನೈಟ್ರೇಟ್ ಲೀಟರಿಗೆ 2ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಇರಲಿ ಅನ್ನುತ್ತಾರೆ. ನನ್ನ ತೊಟ್ಟಿಯಲ್ಲಿ ನೈಟ್ರೇಟ್ 40 ಇತ್ತು, ಪಾಚಿ ಬೆಳೆಸಿದ ಎರಡು ತಿಂಗಳಿಗೆ 8ಕ್ಕೆ ಬಂತು. ನೈಟ್ರೇಟ್, ಫಾಸ್ಫೇಟ್ ಎರಡರಲ್ಲಿ ಒಂದು ಮುಗಿದುಹೋದರೆ ಇನ್ನೊಂದೂ ಇಳಿಯುವುದು ನಿಲ್ಲುತ್ತದೆ. ಕಡಲಿನ ದೊಡ್ಡ ಪಾಚಿಗಳ ಮೈಯಲ್ಲಿ ರಂಜಕದ (ಫಾಸ್ಫೇಟ್‌ನಲ್ಲಿರುವ ಫಾಸ್ಫರಸ್) ಒಂದು ಪರಮಾಣುವಿಗೆ ಸಾರಜನಕದ ಸುಮಾರು 30 ಇರುತ್ತವೆ ಅಂತ 1983ರಲ್ಲಿ ಅಟ್ಕಿನ್ಸನ್ ಮತ್ತು ಸ್ಮಿತ್ ಲೆಕ್ಕ ಕೊಟ್ಟಿದ್ದಾರೆ. ರಂಜಕವೇ ಇಲ್ಲದಿದ್ದರೆ ಪಾಚಿ ಬೆಳೆಯುವುದಿಲ್ಲ, ನೈಟ್ರೇಟ್ ಹಾಗೇ ಉಳಿಯುತ್ತದೆ. ಬೆಲ್ಲದ ಪಾಕಕ್ಕೆ ಹದ ಇರುವ ಹಾಗೆ ಇದಕ್ಕೂ ಒಂದು ಹದ.

ಸಾರವನ್ನು ತೊಟ್ಟಿಯಿಂದ ಹೊರಗೆ ಹಾಕುವುದಕ್ಕೆ ಕೆಲವರು ‘ರಫ್ತು’ ಅಂತ ಅನುವಾದಿಸಿದ್ದನ್ನು ನೋಡಿದೆ. ದಯವಿಟ್ಟು ಬೇಡ. ‘ಕೊಯ್ಲು’ ಇದೆಯಲ್ಲ. ಪಾಚಿ ಹೀರಿದ ಮಾತ್ರಕ್ಕೆ ಸಾರ ಎಲ್ಲಿಗೂ ಹೋಗಿಲ್ಲ, ಪಾಚಿಯ ಮೈಯಲ್ಲಿದೆ, ಕೊಯ್ದು ಹೊರಗೆ ತೆಗೆದಾಗಲೇ ಹೋಗುವುದು. ಊರಿನ ಒಂದು ಕೆರೆಯಲ್ಲಿ ಅಂತರಗಂಗೆ ತೆಗೆದು ದಡದಲ್ಲೇ ರಾಶಿ ಹಾಕಿದ್ದನ್ನು ನೋಡಿದ್ದೇನೆ. ಮಳೆ ಬಂತು, ರಾಶಿ ಕೊಳೆತು ನೀರಿಗೇ ಇಳಿಯಿತು. ನನ್ನ ತೊಟ್ಟಿಯಲ್ಲೂ ಒಮ್ಮೆ ಹಾಗೇ ಆಗಿತ್ತು. ಆಗ ಕೌಲರ್ಪಾ ಅನ್ನುವ ದ್ರಾಕ್ಷಿ ಗೊಂಚಲಿನಂಥ ಪಾಚಿ ಇಟ್ಟಿದ್ದೆ, ಮೂರು ತಿಂಗಳು ಕೊಯ್ದಿರಲಿಲ್ಲ. ಆ ಜಾತಿ ಸಂತಾನಕ್ಕೆ ಅಂತ ಒಮ್ಮೆಲೇ ಮೈಯೊಳಗಿದ್ದದ್ದನ್ನೆಲ್ಲ ನೀರಿಗೆ ಬಿಟ್ಟು ಸತ್ತುಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ಪೂರ್ತಿ ಅಕ್ಕಚ್ಚಿನ ಹಾಗೆ ಬಿಳಿ. ಒಂದು ಮೀನು ಸತ್ತಿತ್ತು. ಇದಕ್ಕೆ ‘ಪಾಚಿ ಒಡೆಯಿತು’ ಅಂತ ಬರೆದಿದ್ದೇನೆ, ಹಾಲು ಒಡೆದ ಹಾಗೆ. ಸರಿ ಅನ್ನಿಸುತ್ತದೆಯೇ?

ಈಗ ಸಿಗದೆ ಉಳಿದಿರುವ ಪದಗಳು. ಒಂದು, ಕೆಳತೊಟ್ಟಿಯಲ್ಲಿ ಪಾಚಿಗೆಂದೇ ಬಿಟ್ಟ, ಮೀನು ಬಾಯಿ ಹಾಕದ ಆ ಅಂಕಣಕ್ಕೆ ಹವ್ಯಾಸಿಗಳು ರೆಫ್ಯೂಜಿಯಂ ಅನ್ನುತ್ತಾರೆ. ‘ಆಶ್ರಯತಾಣ’ ಅಂದರೆ ನೆರೆ ಬಂದಾಗ ಜನ ಇರುವ ಜಾಗ ಅನ್ನಿಸುತ್ತದೆ. ‘ಪಾಚಿಮಡಿ’ ನನಗೆ ಇಷ್ಟ, ಸಸಿಮಡಿಯ ಹಾಗೆ. ಆದರೆ ನಗರದವರಿಗೆ ಮಡಿ ಅಂದರೆ ಮಡಿ ಬಟ್ಟೆಯೇ ನೆನಪಾಗುತ್ತದೆ. ‘ಪಾಚಿಪಾತಿ’ ಹೇಗೆ? ಅಲ್ಲಿ ದೀಪ ಉರಿಯುವುದು ರಾತ್ರಿ, ಮೇಲಿನ ದೀಪ ಆರಿದ ಮೇಲೆ, ಇಲ್ಲದಿದ್ದರೆ ರಾತ್ರಿ ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) ಜಾಸ್ತಿ ಇಳಿಯುತ್ತದೆ. ಈ ಪಾಳಿ ದೀಪಕ್ಕೂ ಒಂದು ಹೆಸರು ಹೊಳೆದರೆ ಹೇಳಿ.

ಎರಡು, ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ 1982ರಲ್ಲಿ ಪೇಟೆಂಟ್ ಪಡೆದ ಒಂದು ಸಾಧನವಿದೆ. ಒರಟು ಜಾಲರಿಯ ಮೇಲೆ ನೀರು ಅಲೆಯಲೆಯಾಗಿ ಹರಿಯುತ್ತದೆ, ದೀಪದ ಬೆಳಕಿಗೆ ಜಾಲರಿ ತುಂಬ ಗಿಡ್ಡ ಪಾಚಿ ಹುಲ್ಲಿನ ಹಾಗೆ ಬೆಳೆಯುತ್ತದೆ, ವಾರಕ್ಕೊಮ್ಮೆ ಹೆರೆದು ತೆಗೆಯುವುದು. ಇಂಗ್ಲಿಷಿನಲ್ಲಿ ಅದನ್ನು ಸ್ಕ್ರಬ್ಬರ್ ಅನ್ನುತ್ತಾರೆ. ಅದು ಏನನ್ನೂ ಉಜ್ಜುವುದಿಲ್ಲ. ಸದ್ಯಕ್ಕೆ ‘ಪಾಚಿ ಜಾಲರಿ’ ಅಂತಿದೆ.

ಮೂರನೆಯದು ಕರಾವಳಿಯವರಿಗೆ. ಕಾರವಾರ, ಹೊನ್ನಾವರ, ಕುಂದಾಪುರ, ಉಳ್ಳಾಲದ ಕಡೆ ಅಲೆಯ ಜೊತೆ ದಡಕ್ಕೆ ಬಂದು ಬೀಳುವ ಹಸಿರು, ಕಂದು ಕಡಲಪಾಚಿಗೆ ಮನೆಯಲ್ಲಿ, ಬಲೆ ಎಳೆಯುವಾಗ ಏನನ್ನುತ್ತೀರಿ? ತುಳು, ಕೊಂಕಣಿ ಹೆಸರಾದರೂ ಪರವಾಗಿಲ್ಲ. ಬಲೆಗೆ ಸಿಕ್ಕಿಕೊಳ್ಳುವುದಕ್ಕೂ ಬಂಡೆಗೆ ಅಂಟಿರುವುದಕ್ಕೂ ಬೇರೆ ಬೇರೆ ಹೆಸರಿದ್ದರೆ ಎರಡನ್ನೂ ಬರೆಯಿರಿ. ಟಿಪ್ಪಣಿ ಹುಡುಗರ ಕೈಗೆ ಹೋಗಲು ಇನ್ನೂ ಎರಡು ವಾರ ಇದೆ.