ಗ್ರೂಪ್ ಪಾಲಿಸಿ: ಕೇಳಿ, ನೆಟ್‌ವರ್ಕ್ ಅಡ್ಮಿನ್ ಉತ್ತರಿಸುತ್ತಾರೆ

(ಗ್ರೂಪ್ ಪಾಲಿಸಿ ಅಂದರೆ ಸಂಸ್ಥೆಯ ವಿಂಡೋಸ್ ಕಂಪ್ಯೂಟರ್‌ಗಳಿಗೂ ಬಳಕೆದಾರರಿಗೂ ಒಂದೇ ಕಡೆಯಿಂದ ಹಾಕುವ ನಿಯಮ. ಅಂಥ ನಿಯಮಗಳ ಒಂದು ಕಟ್ಟು ಜಿಪಿಒ. ಆ ಕಂಪ್ಯೂಟರ್, ಖಾತೆಗಳೆಲ್ಲ ಸೇರಿದ ನೆಟ್‌ವರ್ಕ್ ಡೊಮೇನ್, ಅದರ ಒಳವಿಭಾಗ ಓಯು.)

ಹೊಸಬ: ಮೇಡಂ, ಒಂದು ಓಯುಗೆ ಮಾತ್ರ ಪಾಸ್‌ವರ್ಡ್ ಉದ್ದ 12 ಅಂತ ಜಿಪಿಒ ಹಾಕಿದೆ. ಯಾರಿಗೂ ಅಪ್ಲೈ ಆಗುತ್ತಿಲ್ಲ.

ಅಡ್ಮಿನ್: ಆಗುವುದಿಲ್ಲ. ಡೊಮೇನ್ ಖಾತೆಗಳ ಪಾಸ್‌ವರ್ಡ್ ನಿಯಮವನ್ನು ಡೊಮೇನ್ ಮಟ್ಟದಲ್ಲೇ ಲಿಂಕ್ ಮಾಡಬೇಕು. ಒಂದು ಗುಂಪಿಗಷ್ಟೇ ಬೇಕಿದ್ದರೆ ಫೈನ್ ಗ್ರೇನ್ಡ್ ಪಾಸ್‌ವರ್ಡ್ ಪಾಲಿಸಿ ಇದೆ.

ಲ್ಯಾಬ್‌ನವನು: ಕಂಟ್ರೋಲ್ ಪ್ಯಾನಲ್ ಮುಚ್ಚುವ ಜಿಪಿಒ. ಒಂದೇ ಗುಂಪಿಗೆ ಸಾಕು ಅಂತ ಸೆಕ್ಯುರಿಟಿ ಫಿಲ್ಟರಿಂಗ್‌ನಿಂದ (ಯಾರಿಗೆ ಅಪ್ಲೈ ಆಗಬೇಕೆಂಬ ಪಟ್ಟಿ) ಅಥೆಂಟಿಕೇಟೆಡ್ ಯೂಸರ್ಸ್ (ಡೊಮೇನ್‌ಗೆ ಲಾಗಿನ್ ಆದ ಎಲ್ಲ ಖಾತೆಗಳ ಗುಂಪು) ತೆಗೆದು ಆ ಗುಂಪು ಹಾಕಿದೆ. ಈಗ ಆ ಗುಂಪಿಗೂ ಇಲ್ಲ.

ಅಡ್ಮಿನ್: ಇದು ಒಳ್ಳೆ ಪ್ರಶ್ನೆ. 2016ರ ಜೂನ್‌ಗೆ ಮೊದಲು ನಿಮ್ಮ ದಾರಿ ಸರಿಯಾಗಿತ್ತು. ಆ ತಿಂಗಳ ಮೈಕ್ರೋಸಾಫ್ಟ್‌ನ ಎಂಎಸ್16-072 ಅಪ್‌ಡೇಟ್ ಬಂದ ಮೇಲೆ, ಯೂಸರ್ ಪಾಲಿಸಿಯನ್ನೂ ಕಂಪ್ಯೂಟರ್ ಖಾತೆಯ ಹೆಸರಿನಲ್ಲೇ ಓದಲಾಗುತ್ತದೆ. ನೀವು ತೆಗೆದ ಗುಂಪಿನಲ್ಲಿ ಕಂಪ್ಯೂಟರ್‌ಗಳೂ ಇದ್ದವು. ಅವಕ್ಕೆ ಜಿಪಿಒ ಓದಲೇ ಆಗುತ್ತಿಲ್ಲ, ಇನ್ನು ಯೂಸರ್‌ಗೆ ತಲುಪುವುದೆಲ್ಲಿ? ಜಿಪಿಒದ ಅನುಮತಿಗಳಿರುವ ಡೆಲಿಗೇಶನ್ ಟ್ಯಾಬ್‌ಗೆ ಹೋಗಿ ಅಥೆಂಟಿಕೇಟೆಡ್ ಯೂಸರ್ಸ್‌ಗೆ ರೀಡ್ ಕೊಡಿ. ರೀಡ್ ಮಾತ್ರ, ಅಪ್ಲೈ ಬೇಡ. ಆಮೇಲೆ ಜಿಪಿರಿಸಲ್ಟ್ (ಯಾವ ಪಾಲಿಸಿ ಅಪ್ಲೈ ಆಗಿದೆ ಅಂತ ತೋರಿಸುವ ಕಮಾಂಡ್) ವರದಿ ತೆಗೆದು ನೋಡಿ. ಊಹೆ ಮಾಡ್ತಾ ಕೂರಬೇಡಿ.

ರಾತ್ರಿಪಾಳಿ: ಪಾಲಿಸಿ ಬದಲಿಸಿದರೆ ಎಷ್ಟು ಹೊತ್ತಿಗೆ ತಲುಪುತ್ತೆ?

ಅಡ್ಮಿನ್: 90 ನಿಮಿಷ, ಅದರ ಮೇಲೆ 30 ನಿಮಿಷದವರೆಗೆ ಹೆಚ್ಚಾಗಬಹುದು. ಡೊಮೇನ್ ಕಂಟ್ರೋಲರ್‌ಗಳಿಗೆ (ಡೊಮೇನ್ ನಡೆಸುವ ಸರ್ವರ್‌ಗಳು) 5 ನಿಮಿಷ.

ಪ್ರಿಂಟರ್‌ಪ್ರಿಯ: ಲೂಪ್‌ಬ್ಯಾಕ್ (ಯಾರೇ ಕೂತರೂ ಆ ಕಂಪ್ಯೂಟರ್‌ನ ಓಯುಗೆ ಹಾಕಿದ ಯೂಸರ್ ಪಾಲಿಸಿ ಅನ್ವಯಿಸುವ ಸೆಟ್ಟಿಂಗ್) ಹಾಕಿದರೆ ಲಾಗಿನ್ ನಿಧಾನ ಆಗುತ್ತಾ?

ಹಳೇ ಕೈ: ಫಾರ್ವರ್ಡ್ ಬಂದಿದೆ: ಪಾಲಿಸಿ ಕೆಟ್ಟರೆ ಸಿಸ್‌ವಾಲ್‌ನ (ಡೊಮೇನ್ ಕಂಟ್ರೋಲರ್‌ಗಳಲ್ಲಿ ಪಾಲಿಸಿ ಫೈಲ್‌ಗಳಿರುವ ಜಾಗ) ಪಾಲಿಸೀಸ್ ಫೋಲ್ಡರ್ ಅಳಿಸಿ, ಡಿಸಿಜಿಪಿಒಫಿಕ್ಸ್ ಓಡಿಸಿ. ಎಲ್ಲಾ ಹೊಸದಾಗುತ್ತೆ.

ಅಡ್ಮಿನ್: ದಯವಿಟ್ಟು ಯಾರೂ ಮಾಡಬೇಡಿ. ಡಿಸಿಜಿಪಿಒಫಿಕ್ಸ್ ಕಮಾಂಡ್ ಮರಳಿ ತರುವುದು ಎರಡು ಡೀಫಾಲ್ಟ್ ಪಾಲಿಸಿಗಳನ್ನು ಮಾತ್ರ. ನೀವು ಮಾಡಿದ್ದೆಲ್ಲ ಹೋಗುತ್ತದೆ, ಅಳಿಸಿದ್ದು ಎಲ್ಲಾ ಡೊಮೇನ್ ಕಂಟ್ರೋಲರ್‌ಗಳಿಗೂ ಹರಡುತ್ತದೆ. ಬ್ಯಾಕಪ್ ಇದೆಯಾ ಅಂತ ಆ ಫಾರ್ವರ್ಡ್ ಕೇಳಿತಾ?

ಹಳೇ ಕೈ: ಸುಮ್ನೆ ಹಾಕಿದೆ ಅಷ್ಟೇ. ನಾನಂತೂ ಎಲ್ಲವನ್ನೂ ಡೀಫಾಲ್ಟ್ ಡೊಮೇನ್ ಪಾಲಿಸಿಯಲ್ಲೇ ಇಡೋದು.

ರಾತ್ರಿಪಾಳಿ: ಅದಕ್ಕೇ ಒಂದು ಸೆಟ್ಟಿಂಗ್ ಕೆಟ್ಟರೆ ಎಲ್ಲಿದೆ ಅಂತ ಹುಡುಕಲು ದಿನವಿಡೀ ಬೇಕು. ಕೆಲಸಕ್ಕೊಂದು ಜಿಪಿಒ, ಹೆಸರಲ್ಲೇ ಕೆಲಸ ಗೊತ್ತಾಗಬೇಕು.

ಹಳೇ ಕೈ: ಇನ್ನೂರು ಜಿಪಿಒ ಇಟ್ಟು ಎಲ್ಲಕ್ಕೂ ಎನ್‌ಫೋರ್ಸ್ಡ್ (ಕೆಳಗಿನ ಓಯು ತಡೆಯಲಾಗದಂತೆ ಹೇರುವುದು) ಒತ್ತಿದವರನ್ನೂ ನೋಡಿದ್ದೀನಿ ಬಿಡಿ.

ರಾತ್ರಿಪಾಳಿ: ನನಗೆ ಹೇಳಿದ್ದಾ?

ಹಳೇ ಕೈ: ಅರ್ಥ ಆಯ್ತಲ್ವಾ, ಸಾಕು.

ಇನ್ನೊಬ್ಬ: ಓಯುಗೆ ಪಾಸ್‌ವರ್ಡ್ ಪಾಲಿಸಿ ಹಾಕೋದು ಹೇಗೆ?

ಅಡ್ಮಿನ್: ಮೊದಲ ಉತ್ತರ ಓದಿ.

ಪ್ರಿಂಟರ್‌ಪ್ರಿಯ: ನನ್ನ ಲೂಪ್‌ಬ್ಯಾಕ್?

ಲ್ಯಾಬ್‌ನವನು: ಮೇಡಂ, ಕೆಲಸ ಮಾಡ್ತು! ಆದರೆ ಈಗ ಎಲ್ಲರ ಕಂಟ್ರೋಲ್ ಪ್ಯಾನಲ್ಲೂ ಮುಚ್ಚಿದೆ. ನನ್ನದೂ.

ಅಡ್ಮಿನ್: ಅಪ್ಲೈಗೂ ಟಿಕ್ ಹಾಕಿದ್ದೀರಿ. ಬೇಡ ಅಂದಿದ್ದೆ.