ಹೈ-ಎಂಡ್ ಆಡಿಯೊ ವ್ಯಾಪಾರ ಇಂದು ಯಾರಿಗಾಗಿ ಉಳಿದಿದೆ?

ಮಂದ್ರಷಡ್ಜ, ಮೈಸೂರು:

ಎಲ್ಲರಿಗೂ ನಮಸ್ಕಾರ. ನನ್ನ ಮನೆಯಲ್ಲಿ ಮೂವತ್ತು ವರ್ಷ ದುಡಿದ ಆಂಪ್ಲಿಫೈಯರ್ ಕಳೆದ ದೀಪಾವಳಿಯ ಹೊತ್ತಿಗೆ ಬಲಗಡೆಯ ಚಾನೆಲ್ಲನ್ನು ಕಳೆದುಕೊಂಡಿತು. ನಿವೃತ್ತಿಯ ಹಣದಲ್ಲಿ ಎರಡೂವರೆ ಲಕ್ಷ ರೂಪಾಯಿಯನ್ನು ಇದಕ್ಕೆಂದೇ ತೆಗೆದಿರಿಸಿ, ನನ್ನ ಆಯುಷ್ಯಕ್ಕೆ ಸಾಲುವಂಥ ಒಂದು ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರನ್ನೂ ಕೊಳ್ಳಬೇಕೆಂದು ಬೆಂಗಳೂರಿನ ಒಂದು ಹೈ-ಎಂಡ್ ಆಡಿಯೊ ಅಂಗಡಿಗೆ, ಅಂದರೆ ಉನ್ನತ ದರ್ಜೆಯ ದುಬಾರಿ ಧ್ವನಿ ಉಪಕರಣಗಳನ್ನು ಮಾರುವಲ್ಲಿಗೆ, ಹೋದೆ. ಮೊದಲೇ ಫೋನು ಮಾಡಿ ಸಮಯ ಗೊತ್ತುಪಡಿಸಿಕೊಳ್ಳದವರನ್ನು ಒಳಗೆ ಬಿಡದ ಆ ಅಂಗಡಿಯಲ್ಲಿ ನಾನು ಯಾವ ಸಂಗೀತ ಕೇಳುತ್ತೇನೆಂದು ಯಾರೂ ವಿಚಾರಿಸಲಿಲ್ಲ. ಬಜೆಟ್ ಎಷ್ಟೆಂದು ಕೇಳಿದರು. ಹೇಳಿದೆ. ಆ ಮೊತ್ತಕ್ಕೆ ಅವರ ಭಾಷೆಯಲ್ಲಿ ‘ಆರಂಭದ ಶ್ರೇಣಿ’ ಎಂಬ ಹೆಸರಿದೆಯೆಂದು ಅಂದು ತಿಳಿಯಿತು. ನನ್ನ ಮೊದಲ ಸ್ಕೂಟರಿಗಿಂತ ಹೆಚ್ಚು ಬೆಲೆಯ, ಎರಡು ಮೀಟರ್ ಉದ್ದದ ಒಂದು ಕೇಬಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದರು. ಬರಿಗೈಯಲ್ಲಿ ಹಿಂದಿರುಗಿದೆ.

ಬಂದ ಮೇಲೆ ಓದುತ್ತ ಹೋದಂತೆ ಗೊಂದಲ ಇನ್ನಷ್ಟು ಹೆಚ್ಚಿತು. ನಾನು ನಂಬಿಕೊಂಡು ಬಂದಿದ್ದ ಮರಾಂಟ್ಸ್, ಡೆನಾನ್, ಬವರ್ಸ್ ಆಂಡ್ ವಿಲ್ಕಿನ್ಸ್ ಎಂಬ ಆಡಿಯೊ ಬ್ರ್ಯಾಂಡುಗಳೆಲ್ಲವೂ 2025ರಲ್ಲಿ ಹರ್ಮನ್ ಕಂಪನಿಯ ಪಾಲಾಗಿವೆ. ಆ ಹರ್ಮನ್ 2017ರಿಂದಲೇ ಸ್ಯಾಮ್‌ಸಂಗ್‌ನ ಒಡೆತನದಲ್ಲಿದೆ. ಆಂಪ್ಲಿಫೈಯರಿಗೆ ಹೆಸರಾದ ಅಮೆರಿಕದ ಮ್ಯಾಕಿಂಟಾಷ್ ಮತ್ತು ಸ್ಪೀಕರಿಗೆ ಹೆಸರಾದ ಇಟಲಿಯ ಸೋನಸ್ ಫಾಬೆರ್‌ಗಳನ್ನು 2024ರ ನವೆಂಬರಿನಲ್ಲಿ ಬೋಸ್ ಕೊಂಡಿತು. ಹೀಗಿರುವಾಗ ಮುಂಭಾಗದ ಫಲಕದ ಮೇಲಿರುವ ಹೆಸರು ಯಾವುದಕ್ಕೆ ಖಾತರಿ ಕೊಡುತ್ತದೆ? ಈ ವ್ಯಾಪಾರವೇ ಕ್ಷೀಣಿಸುತ್ತಿದೆಯೋ, ಅಥವಾ ನನ್ನಂಥವರನ್ನು ಕೈಬಿಟ್ಟು ಬೇರೆ ದಾರಿ ಹಿಡಿದಿದೆಯೋ? ನಾನು ಕೇಳುವುದು ಹೆಚ್ಚಾಗಿ ಕರ್ನಾಟಕ ಸಂಗೀತದ ಎಲ್‌ಪಿಗಳು, ಹಳೆಯ ಕಚೇರಿಗಳ ಧ್ವನಿಮುದ್ರಣಗಳು ಮತ್ತು ಸುಗಮ ಸಂಗೀತ. ಕೋಣೆ ಹನ್ನೆರಡು ಅಡಿಗೆ ಹತ್ತು ಅಡಿ.

ಹಳೆಯ ಕೌಂಟರ್, ಬೆಂಗಳೂರು:

ಮಂದ್ರಷಡ್ಜ ಅವರೇ, ನೀವು ವರ್ಣಿಸಿದಂಥ ಅಂಗಡಿಯೊಂದರಲ್ಲಿ ನಾನು ಹದಿನೆಂಟು ವರ್ಷ ಕೆಲಸ ಮಾಡಿದವನು. ಅದು ಈಗ ಮುಚ್ಚಿದೆ. ನನ್ನ ಮಾತಿನಲ್ಲಿ ಕಹಿ ಬೆರೆತಿದ್ದರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ಬಜೆಟ್ಟನ್ನು ಮೊದಲು ಕೇಳಿದ್ದು ಅಹಂಕಾರದಿಂದಲ್ಲ, ಬಾಡಿಗೆಯ ಚಿಂತೆಯಿಂದ. ನಾನು ಕೆಲಸಕ್ಕೆ ಸೇರಿದಾಗ ಅಂಗಡಿಯನ್ನು ಸಾಕುತ್ತಿದ್ದವರು ನಿಮ್ಮಂಥ ಗ್ರಾಹಕರೇ. ಬ್ಯಾಂಕಿನವರು, ಎಚ್‌ಎಎಲ್ ನೌಕರರು, ವೈದ್ಯರು ತಮ್ಮ ಸಿಡಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದು, ನಾಲ್ಕು ಶನಿವಾರ ಕುಳಿತು ಕೇಳಿ, ಐದನೆಯ ಶನಿವಾರ ಸ್ಪೀಕರನ್ನು ಆಟೋದಲ್ಲಿ ಮನೆಗೆ ಒಯ್ದು, ಮನೆಯವರ ಒಪ್ಪಿಗೆ ದೊರೆತರೆ ಸೋಮವಾರ ಹಣ ಕಟ್ಟುತ್ತಿದ್ದರು. ಮಾರಾಟದಲ್ಲಿ ನಮಗೆ ಉಳಿಯುತ್ತಿದ್ದ ಲಾಭದ ಅಂಚು ದೊಡ್ಡದಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ನಾಲ್ಕು ಶನಿವಾರಗಳ ಖರ್ಚನ್ನು ತೂಗಿಸುತ್ತಿದ್ದುದೂ ಅದೇ ಅಂಚು. ಆಮೇಲೆ ಗ್ರಾಹಕರು ನಮ್ಮಲ್ಲಿ ಕೇಳಿ, ಮಾದರಿ ಸಂಖ್ಯೆ ಬರೆದುಕೊಂಡು, ಅಂತರ್ಜಾಲದಲ್ಲೋ ಅಮೆರಿಕದಿಂದ ಬರುವ ಭಾವಮೈದುನನ ಸೂಟ್‌ಕೇಸಿನಲ್ಲೋ ತರಿಸಿಕೊಳ್ಳತೊಡಗಿದರು. ಅವರನ್ನು ದೂರುವುದು ಹೇಗೆ? 2000ದ ಸುಮಾರಿಗೆ 45 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರು ಈಗ 85ನ್ನು ದಾಟಿದೆ. ಅದರ ಮೇಲೆ ಆಮದು ಸುಂಕ, ಸುಂಕ ಸೇರಿದ ಬೆಲೆಯ ಮೇಲೆ ಜಿಎಸ್‌ಟಿ, ಆಮದುದಾರನ ಪಾಲು, ಅಂಗಡಿಯ ಪಾಲು. ಕಾರ್ಖಾನೆಯ ಬಾಗಿಲಲ್ಲಿ ಸಾಧಾರಣವಾಗಿದ್ದ ಪೆಟ್ಟಿಗೆ ನಮ್ಮ ಕಪಾಟಿಗೆ ಬರುವಷ್ಟರಲ್ಲಿ ಐಷಾರಾಮಿ ವಸ್ತುವಾಗಿರುತ್ತಿತ್ತು.

ಹೀಗೆ ನಡುವಿನ ಗ್ರಾಹಕ ಕರಗಿದ ಮೇಲೆ ಅಂಗಡಿಯವನ ಮುಂದೆ ಉಳಿದದ್ದು ಸರಳವಾದ ಲೆಕ್ಕ. ಒಂದೊಂದು ಲಕ್ಷ ಕೊಡುವ ಐವತ್ತು ಮಂದಿಗೆ ಐವತ್ತು ಬಾರಿ ಕಾಫಿ ಕೊಟ್ಟು, ಐವತ್ತು ಮನೆಗಳಿಗೆ ಹೋಗಿ ತಂತಿ ಜೋಡಿಸಿ ಬರುವುದಕ್ಕಿಂತ, ಐವತ್ತು ಲಕ್ಷ ಕೊಡುವ ಒಬ್ಬನನ್ನು ವರ್ಷವಿಡೀ ಓಲೈಸುವುದು ಸುಲಭ. ತಯಾರಕರೂ ಇದೇ ಲೆಕ್ಕವನ್ನು ಹಾಕಿದ್ದಾರೆ. ಸ್ಕಾಟ್ಲೆಂಡಿನ ಲಿನ್ ಕಂಪನಿ ತನ್ನ ಎಲ್‌ಪಿ12 ಟರ್ನ್‌ಟೇಬಲ್ಲಿನ ಐವತ್ತನೆಯ ವರ್ಷಕ್ಕೆಂದು 2023ರಲ್ಲಿ ಒಂದು ವಿಶೇಷ ಆವೃತ್ತಿಯನ್ನು ತಂದಿತು: ಒಟ್ಟು 250 ಯಂತ್ರಗಳು, ಒಂದಕ್ಕೆ 50,000 ಪೌಂಡ್. ಲಿನ್ ಒಳ್ಳೆಯ ಕಂಪನಿ, ಇಂದಿಗೂ ಸ್ವತಂತ್ರವಾಗಿ ಗ್ಲಾಸ್ಗೋದ ಹತ್ತಿರವೇ ಇದೆ. ನನ್ನ ಆಕ್ಷೇಪ ಅದರ ಮೇಲಲ್ಲ. ಸಂಖ್ಯೆಯನ್ನು ಮಿತಿಗೊಳಿಸಿ ಬೆಲೆಯನ್ನೇ ಒಂದು ಗುಣವನ್ನಾಗಿ ಮಾರುವುದು ಕೈಗಡಿಯಾರದ ವ್ಯಾಪಾರದ ರೀತಿ, ಮತ್ತು ನಮ್ಮ ವ್ಯಾಪಾರ ಈಗ ಅದನ್ನೇ ಕಲಿತಿದೆ ಎಂಬುದಷ್ಟೇ ನಾನು ಹೇಳುತ್ತಿರುವುದು.

ಒಡೆತನದ ವಿಷಯದಲ್ಲಿ ನಿಮ್ಮ ಗೊಂದಲ ನ್ಯಾಯವಾದದ್ದು. ನೀವು ಹೆಸರಿಸಿದ ಮೂರೂ ಬ್ರ್ಯಾಂಡ್‌ಗಳನ್ನು ಹೊಂದಿದ್ದ ಸೌಂಡ್ ಯುನೈಟೆಡ್ ಎಂಬ ಸಂಸ್ಥೆಯನ್ನು 2022ರಲ್ಲಿ ಮಾಸಿಮೊ ಎಂಬ ಕಂಪನಿ ಸುಮಾರು 100 ಕೋಟಿ ಡಾಲರಿಗೆ ಕೊಂಡಿತ್ತು. ಮಾಸಿಮೊ ತಯಾರಿಸುವುದು ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕದ ಮಟ್ಟ ನೋಡುವ ಉಪಕರಣಗಳನ್ನು. ಸುದ್ದಿ ಹೊರಬಿದ್ದ ಮರುದಿನವೇ ಅದರ ಷೇರಿನ ಬೆಲೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂರು ವರ್ಷದ ಬಳಿಕ ಅದನ್ನೇ ಹರ್ಮನ್‌ಗೆ 35 ಕೋಟಿ ಡಾಲರಿಗೆ ಬಿಟ್ಟುಕೊಟ್ಟಿತು. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಈ ಅಂತರವನ್ನು ನೋಡಿದರೆ, ನಮ್ಮ ವ್ಯಾಪಾರಕ್ಕೆ ಷೇರುಪೇಟೆ ಕಟ್ಟುವ ಬೆಲೆ ಯಾವುದೆಂದು ತಿಳಿಯುತ್ತದೆ. ಆದರೂ ಹೆಸರಿನ ಹಿಂದೆ ಕಾರ್ಖಾನೆ, ಬಿಡಿಭಾಗ, ರಿಪೇರಿಯ ಕೈಪಿಡಿ ಉಳಿದಿವೆಯೇ ಎಂದು ವಿಚಾರಿಸಿದ ಮೇಲೆಯೇ ಖರೀದಿಸಿರಿ. ಮಾಲೀಕನ ಹೆಸರು ಅದರ ಮುಂದೆ ಗೌಣ.

ಡೆಸಿಬೆಲ್, ಹುಬ್ಬಳ್ಳಿ:

ಹಳೆಯ ಕೌಂಟರ್ ಅವರು ಅಂಗಡಿಯ ಕಡೆಯಿಂದ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಅವರು ಮುಟ್ಟದೆ ಬಿಟ್ಟ ಒಂದು ಕಾರಣವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಮೂಲ: ಹಿಂದೆ ಹಣ ಕೊಟ್ಟು ಕೊಳ್ಳಬೇಕಾಗಿದ್ದ ಶುದ್ಧತೆ ಇಂದು ಬಹುಮಟ್ಟಿಗೆ ಅಗ್ಗವಾಗಿದೆ. ಸಿಡಿಯ 16 ಬಿಟ್‌ಗಳಿಗೆ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬೆಲ್ ವ್ಯಾಪ್ತಿಯಿದೆ. ಇಂದು ಹತ್ತು ಸಾವಿರ ರೂಪಾಯಿಯ ಚೀನೀ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಧ್ವನಿಯ ಸಂಕೇತವಾಗಿಸುವ ಪೆಟ್ಟಿಗೆ) ಅದನ್ನು ನಿರಾಯಾಸವಾಗಿ ಮೀರುತ್ತದೆ. ಕ್ಲಾಸ್-ಡಿ ಎಂಬ, ವಿದ್ಯುತ್ತು ಉಳಿಸುವ ವಿನ್ಯಾಸದ ಒಳ್ಳೆಯ ಮಾಡ್ಯೂಲ್ ಇರುವ ಆಂಪ್ಲಿಫೈಯರ್ ಅಂಗೈಯಗಲದ್ದಾದರೂ ಅದರ ವಿಕೃತಿ ಕಿವಿಗೆ ಎಟುಕದಷ್ಟು ಕಡಿಮೆ. ವಿದ್ಯುನ್ಮಾನದ ಸಮಸ್ಯೆ ಬಗೆಹರಿದ ಮೇಲೆ ಮಾರಲು ಉಳಿಯುವುದು ಅಲ್ಯೂಮಿನಿಯಂ ಫಲಕದ ದಪ್ಪ ಮತ್ತು ಕಥೆ.

ಕಥೆಗಳಿಗೆ ಏನಾಯಿತೆಂದೂ ನೋಡಿ. ಎಂಕ್ಯೂಎ ಎಂಬ ಧ್ವನಿ ವಿನ್ಯಾಸವನ್ನು ಸ್ಟುಡಿಯೊದ ಮೂಲ ನಾದವನ್ನೇ ಮನೆಗೆ ತಲುಪಿಸುವುದೆಂದು ಕೊಂಡಾಡಲಾಯಿತು. ಆ ಕಂಪನಿ 2023ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, ಅದನ್ನು ಬಳಸುತ್ತಿದ್ದ ಟೈಡಲ್ ಎಂಬ ಸಂಗೀತ ಸ್ಟ್ರೀಮಿಂಗ್ ಸೇವೆ ಮರುವರ್ಷ, ಧ್ವನಿಯ ಗುಣ ಕೆಡದಂತೆ ಕಡತವನ್ನು ಕುಗ್ಗಿಸುವ ಫ್ಲ್ಯಾಕ್‌ಗೆ ಮರಳಿತು. ಇನ್ನೊಂದು ಪ್ರಸಂಗ ಇದಕ್ಕಿಂತ ಬೋಧಪ್ರದ. ಮೊಬೈಲ್ ಫಿಡೆಲಿಟಿ ಸಂಸ್ಥೆಯ ದುಬಾರಿ ಎಲ್‌ಪಿಗಳನ್ನು ಶುದ್ಧ ಅನಲಾಗ್ ಎಂದು ನಂಬಿ, ಡಿಜಿಟಲ್ ಎಂದರೆ ಮೂಗು ಮುರಿಯುತ್ತಿದ್ದ ರಸಿಕರು ಅವುಗಳನ್ನು ಮಾದರಿಯೆಂದು ಹೊಗಳುತ್ತಿದ್ದರು. 2022ರ ಜುಲೈಯಲ್ಲಿ, ಅವುಗಳಲ್ಲಿ ಬಹಳಷ್ಟರ ತಯಾರಿಕೆಯಲ್ಲಿ ಡಿಎಸ್‌ಡಿ ಎಂಬ ಡಿಜಿಟಲ್ ಹಂತವೊಂದು ವರ್ಷಗಳಿಂದ ಇದ್ದುದು ಬಯಲಾಯಿತು. ಅಷ್ಟು ವರ್ಷ ಒಂದು ಕಿವಿಯೂ ಅದನ್ನು ಪತ್ತೆಹಚ್ಚಿರಲಿಲ್ಲ. ವಿಚಿತ್ರವೆಂದರೆ ಆ ಎಲ್‌ಪಿಗಳು ನಿಜವಾಗಿಯೂ ಚೆನ್ನಾಗಿಯೇ ಇದ್ದವು.

1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಅದೇ ಕೇಳುಗರು ಅದೇ ಸ್ಪೀಕರ್‌ಗಳಿಗೆ ಒಮ್ಮೆ ನೋಡುತ್ತ, ಒಮ್ಮೆ ಪರದೆಯ ಹಿಂದಿಟ್ಟು ಅಂಕ ಕೊಟ್ಟರು. ದೊಡ್ಡ, ಅಂದವಾದ ಸ್ಪೀಕರ್‌ಗಳಿಗೆ ಕಣ್ಣೆದುರು ಸಿಕ್ಕ ಮೆಚ್ಚುಗೆ ಪರದೆ ಎಳೆದೊಡನೆ ಇಳಿಯಿತು. ಇದು ನಡೆದದ್ದು ಬೇರೆಲ್ಲೂ ಅಲ್ಲ, ಹರ್ಮನ್‌ನಲ್ಲಿಯೇ.

ಈಗ ನಿಮ್ಮ ಕೋಣೆಗೆ ಬರೋಣ, ಏಕೆಂದರೆ ನಿಮ್ಮ ಎರಡೂವರೆ ಲಕ್ಷದ ಹಣೆಬರಹ ಅಲ್ಲಿದೆ. ಹನ್ನೆರಡು ಅಡಿಯ ಗೋಡೆಗಳ ನಡುವೆ 47 ಹರ್ಟ್ಸ್‌ನ ಅಲೆಯೂ ಹತ್ತು ಅಡಿಯ ನಡುವೆ 56 ಹರ್ಟ್ಸ್‌ನ ಅಲೆಯೂ ಮುಂದೆ ಸಾಗದೆ ನಿಂತ ಅಲೆಗಳಾಗಿ, ಕೆಲವೆಡೆ ಉಬ್ಬಿ ಕೆಲವೆಡೆ ಅಡಗುತ್ತವೆ. ಅವುಗಳ ಇಮ್ಮಡಿಯಾದ 94 ಮತ್ತು 112ರಲ್ಲಿಯೂ ಅದೇ ಕಾಟ. ಮೃದಂಗದ ಎಡಗಡೆಯ ನಾದ ಒಂದು ಕುರ್ಚಿಯಲ್ಲಿ ಗುಡುಗಿದಂತೆ, ಎರಡಡಿ ಆಚೆ ಕುಳಿತರೆ ಸತ್ತಂತೆ ಕೇಳಿಸುವುದು ಇದರಿಂದ. ವಿದೇಶೀ ವಿಮರ್ಶಕರು ಬರೆಯುವುದು ಮರದ ನೆಲ, ಜಿಪ್ಸಮ್ ಗೋಡೆ, ರತ್ನಗಂಬಳಿ ಇರುವ ಕೋಣೆಗಳಲ್ಲಿ ಕುಳಿತು. ನಮ್ಮದು ಕಾಂಕ್ರೀಟು, ಇಟ್ಟಿಗೆ, ಗ್ರಾನೈಟು. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಟಣಟಣವೆಂಬ ಮರುದನಿ ಬಂದರೆ ಯಾವ ಬ್ರ್ಯಾಂಡೂ ನಿಮ್ಮನ್ನು ಕಾಪಾಡದು.

ವಾಲ್ವ್ ರೇಡಿಯೋ, ನ್ಯೂಜೆರ್ಸಿ:

ಡೆಸಿಬೆಲ್ ಅವರ ಭೌತಶಾಸ್ತ್ರವನ್ನು ನಾನು ಪ್ರಶ್ನಿಸುವುದಿಲ್ಲ, ಅವರ ತೀರ್ಮಾನವನ್ನು ಪ್ರಶ್ನಿಸುತ್ತೇನೆ. ಕಿವಿಗೆ ಕೇಳಿಸುವ ವ್ಯತ್ಯಾಸವೊಂದೇ ಬೆಲೆಗೆ ಆಧಾರವೆಂದಾದರೆ, ಹೈ-ಎಂಡ್‌ನಲ್ಲಿ ನಿಜವಾಗಿಯೂ ಇದ್ದ ಒಂದು ಸದ್ಗುಣವನ್ನು ಲೆಕ್ಕದಿಂದ ಬಿಟ್ಟಂತಾಗುತ್ತದೆ, ಅದು ಬಾಳಿಕೆ. ಮ್ಯಾಕಿಂಟಾಷ್‌ನ ಎಂಸಿ275 ಎಂಬ, ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರ್ 1961ರಲ್ಲಿ ಬಂದದ್ದು. ಆ ಕಾಲದ ಯಂತ್ರವೊಂದನ್ನು ತೆರೆದು, ವಾಲ್ವ್ ಮತ್ತು ಕೆಪಾಸಿಟರ್ ಬದಲಾಯಿಸಿ ಇಂದಿಗೂ ನುಡಿಸಬಹುದು, ನಾನೇ ಹಾಗೆ ಮಾಡಿದ್ದೇನೆ. ಅಂಗೈಯಗಲದ ಕ್ಲಾಸ್-ಡಿ ಪೆಟ್ಟಿಗೆಯ ಒಂದು ಚಿಪ್ ಸುಟ್ಟರೆ ಇಡೀ ಬೋರ್ಡನ್ನೇ ಎಸೆಯಬೇಕಾಗುತ್ತದೆ. ಇನ್ನು ಅಂತರ್ಜಾಲದಿಂದ ಸಂಗೀತ ನುಡಿಸುವ, ಫೋನಿನ ಆ್ಯಪ್ ಇಲ್ಲದೆ ಸದ್ದೇ ಮಾಡದ ಸ್ಟ್ರೀಮರ್‌ಗಳು, ತಯಾರಕ ಸರ್ವರ್ ನಿಲ್ಲಿಸಿದ ದಿನ ಕಾಗದ ಒತ್ತುವ ಕಲ್ಲುಗಳಾಗುತ್ತವೆ. ನನ್ನ ದೂರು ಬೆಲೆಯ ಬಗ್ಗೆಯಲ್ಲ. ಐದು ಲಕ್ಷ ಕೊಟ್ಟ ವಸ್ತುವೂ ಐದು ಸಾವಿರದ್ದರಂತೆ ಐದೇ ವರ್ಷದಲ್ಲಿ ಹಳತಾಗುತ್ತಿದೆಯಲ್ಲ, ಅದರ ಬಗ್ಗೆ.

ಒಡೆತನದ ವಿಷಯಕ್ಕೆ ಇನ್ನೊಂದು ಮಾತು. ಇಂಗ್ಲೆಂಡಿನ ಎಸ್‌ಎಂಇ, ಟೋನ್‌ಆರ್ಮ್‌ಗಳಿಗೆ (ಟರ್ನ್‌ಟೇಬಲ್ಲಿನಲ್ಲಿ ಮುಳ್ಳನ್ನು ಹಿಡಿಯುವ ತೋಳುಗಳಿಗೆ) ಲೋಕಪ್ರಸಿದ್ಧವಾದ ಕಂಪನಿ. 2016ರಲ್ಲಿ ಅದನ್ನು ಕೊಂಡದ್ದು ಪುಣೆಯ ಅಜಯ್ ಶಿರ್ಕೆಯವರ ಕೇಡೆನ್ಸ್ ಸಮೂಹ. 2018ರಲ್ಲಿ ಇಂಗ್ಲೆಂಡಿನ ಹಳೆಯ ಟರ್ನ್‌ಟೇಬಲ್ ಬ್ರ್ಯಾಂಡಾದ ಗ್ಯಾರಾರ್ಡ್ ಹೆಸರೂ ಅದೇ ಕೈಗೆ ಬಂತು. ಭಾರತೀಯರೆಂದು ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ, ಆದರೆ 2019ರ ಡಿಸೆಂಬರಿನಲ್ಲಿ ಟೋನ್‌ಆರ್ಮ್‌ಗಳನ್ನು ಬಿಡಿಯಾಗಿ ಮಾರುವುದಿಲ್ಲವೆಂದು ಘೋಷಿಸಿದರು. ಅವನ್ನೇ ನೆಚ್ಚಿಕೊಂಡಿದ್ದ ಸಣ್ಣ ಟರ್ನ್‌ಟೇಬಲ್ ತಯಾರಕರು ಬೇರೆ ದಾರಿ ಹುಡುಕಬೇಕಾಯಿತು. ಮಾಲೀಕ ಕೊರಿಯಾದವನಾಗಲಿ ಪುಣೆಯವನಾಗಲಿ, ಬಿಡಿಯಾಗಿ ಮಾರುವ ವಸ್ತುವಿಗಿಂತ ಇಡಿಯಾಗಿ ಮಾರುವ ವಸ್ತುವಿನಲ್ಲಿ ಲಾಭ ಹೆಚ್ಚು.

ಮಂದ್ರಷಡ್ಜ ಅವರಿಗೆ ಒಂದು ಎಚ್ಚರಿಕೆ. ಇಲ್ಲಿಂದ ಯಾರಾದರೂ ಹಳೆಯ ಟರ್ನ್‌ಟೇಬಲ್ ತಂದುಕೊಡುತ್ತೇನೆಂದರೆ ಒಪ್ಪುವ ಮೊದಲು ಮೋಟಾರನ್ನು ವಿಚಾರಿಸಿ. ಇಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಸರಿಪಡಿಸುತ್ತದೆ, ಆವರ್ತನವನ್ನಲ್ಲ. ವಿದ್ಯುತ್ತಿನ ಆವರ್ತನಕ್ಕೆ ತಕ್ಕ ವೇಗದಲ್ಲಿ ತಿರುಗುವ ಸಿಂಕ್ರೊನಸ್ ಮೋಟಾರು ನಮ್ಮೂರಿನ 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 33⅓ರ ಬದಲು ಸುಮಾರು 27.8 ಸುತ್ತು ತಿರುಗುತ್ತದೆ. ಬಿಳಿ ಐದರ ಶ್ರುತಿಯಲ್ಲಿ ಹಾಡಿದ ಗಾಯಕಿ ಬಿಳಿ ಮೂರಕ್ಕಿಂತ ತುಸು ಕೆಳಗೆ ಇಳಿದು ಗಂಡುದನಿಯಲ್ಲಿ ಕೇಳಿಸುತ್ತಾಳೆ. ನಮ್ಮಣ್ಣನ ಮನೆಯಲ್ಲಿ ಹೀಗೆ ಒಂದು ತಿಂಗಳು ನಡೆಯಿತು, ಮತ್ತು ಅವರು ಅದನ್ನು ಯಂತ್ರದ ‘ಗಾಂಭೀರ್ಯ’ವೆಂದು ಮೆಚ್ಚಿಕೊಂಡಿದ್ದರು.

ಡೆಸಿಬೆಲ್, ಹುಬ್ಬಳ್ಳಿ:

ಬಾಳಿಕೆಯ ಮಾತನ್ನು ಒಪ್ಪುತ್ತೇನೆ, ಅದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಆದರೆ ಆ ಗುಣಕ್ಕಾಗಿ ಹೊಸದನ್ನೇ ಕೊಳ್ಳಬೇಕೆಂದಿಲ್ಲವಲ್ಲ. ಮಂದ್ರಷಡ್ಜ ಅವರ ಮೂವತ್ತು ವರ್ಷದ ಆಂಪ್ಲಿಫೈಯರಿನಲ್ಲಿ ಒಂದು ಚಾನೆಲ್ ಹೋದದ್ದಕ್ಕೆ ಕಾರಣ ಹೆಚ್ಚಾಗಿ ತೀರ ಸಣ್ಣದು: ಸ್ಪೀಕರಿಗೆ ಸಂಪರ್ಕ ಕೊಡುವ ಸ್ವಿಚ್ಚಿನ (ರಿಲೇ) ತುದಿ ಕಪ್ಪಾಗಿರಬಹುದು, ಬೆಸುಗೆ ಬಿರುಕು ಬಿಟ್ಟಿರಬಹುದು ಅಥವಾ ವಾಲ್ಯೂಮ್ ಕಂಟ್ರೋಲ್ ಧೂಳು ತಿಂದಿರಬಹುದು.

ಮಂದ್ರಷಡ್ಜ, ಮೈಸೂರು:

ಎಲ್ಲರಿಗೂ ಕೃತಜ್ಞ. ನಿನ್ನೆ ಸಂಜೆ ಚಪ್ಪಾಳೆ ತಟ್ಟಿದೆ. ಮರುದನಿ ಬಂತು, ಜೊತೆಗೆ ಏನಾಯಿತೆಂದು ಕೇಳುತ್ತ ಅಡುಗೆಮನೆಯಿಂದ ನಮ್ಮವರೂ ಬಂದರು. ಅಟ್ಟದ ಮೇಲಿದ್ದ ಎರಡು ಜಮಖಾನೆಗಳನ್ನು ಇಳಿಸಿ ಒಂದನ್ನು ನೆಲಕ್ಕೆ ಹಾಸಿ, ಇನ್ನೊಂದನ್ನು ಸ್ಪೀಕರಿನ ಎದುರುಗೋಡೆಗೆ ತೂಗುಹಾಕಿ, ಪುಸ್ತಕದ ಬೀರುವನ್ನು ಪಕ್ಕದ ಗೋಡೆಗೆ ಸರಿಸಿದ್ದೇನೆ. ಎಡಗಡೆಯ ಒಂದೇ ಸ್ಪೀಕರಿನಲ್ಲಿ ಕೇಳಿದರೂ ಮಾತಿನ ಸ್ಪಷ್ಟತೆ ಹೆಚ್ಚಿದೆಯೆಂದು ನನಗನಿಸಿತು. ಕುರ್ಚಿಯನ್ನು ಹಿಂದಿನ ಗೋಡೆಯಿಂದ ಎಷ್ಟು ಮುಂದೆ ತರಬೇಕೆಂದು ಡೆಸಿಬೆಲ್ ಅವರು ತಿಳಿಸಬೇಕು.

ಹಳೆಯ ಕೌಂಟರ್ ಅವರಲ್ಲಿ ಒಂದು ವಿನಂತಿ. ನಿಮ್ಮ ಅಂಗಡಿಯಲ್ಲಿ ರಿಪೇರಿ ಮೇಜಿನ ಮುಂದೆ ಕೂರುತ್ತಿದ್ದವರು ಯಾರಾದರೂ ಈಗಲೂ ಕೆಲಸ ಹಿಡಿಯುತ್ತಿದ್ದರೆ ಖಾಸಗಿ ಸಂದೇಶದಲ್ಲಿ ತಿಳಿಸಿ. ಆಂಪ್ಲಿಫೈಯರ್ ಹದಿನಾಲ್ಕು ಕಿಲೋ ಇದೆ. ಮೈಸೂರಿನಿಂದ ರೈಲಿನಲ್ಲಿ ನಾನೇ ಹೊತ್ತು ತರುತ್ತೇನೆ.