ಅಜೀಂ ಪ್ರೇಮ್‌ಜಿ ಶ್ರೀಮಂತರ ಮನೆಯಲ್ಲೇ ಹುಟ್ಟಿದವರು ಅಂತ ಮಕ್ಕಳಿಗೆ ಹೇಳಬಹುದಾ?

ಪ್ರಶ್ನೆ: ಶಹಾಪುರದ ಟೀಚರ್

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಬಿಸಿಯೂಟದ ಜೊತೆ ವಾರದಲ್ಲಿ ಆರು ದಿನ ಮೊಟ್ಟೆ. ಎರಡು ದಿನದ್ದು ಸರ್ಕಾರದ್ದು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್‌ದು. ಮೊನ್ನೆ ಏಳನೇ ಕ್ಲಾಸಿನ ಹುಡುಗಿ ಮೊಟ್ಟೆ ಸುಲಿಯುತ್ತಾ ಕೇಳಿದಳು: "ಅವರೂ ಮೊದಲ ನಮ್ಹಂಗ ಬಡವರಿದ್ರೇನ್ರಿ ಟೀಚರ್?"

ಹೌದು ಅನ್ನೋದಕ್ಕೆ ಬಾಯಿ ತೆರೆದೆ, ಆಮೇಲೆ ಸುಮ್ಮನಾದೆ. ಅದು ಸುಳ್ಳಲ್ವಾ? ಶನಿವಾರ ಹದಿನೈದು ನಿಮಿಷ ಅವರ ಬಗ್ಗೆ ಮಾತಾಡಬೇಕು. ಏನು ಹೇಳಲಿ?

ಉತ್ತರ: ಚಳ್ಳಕೆರೆ ಮಿಲ್ಲಿನ ಮಗ

ಮೇಡಂ, ಇದ್ದದ್ದನ್ನ ಇದ್ದ ಹಾಗೇ ಹೇಳಿ. ಶ್ರೀಮಂತರ ಮಗ. ತಂದೆ ಹಾಶಿಂ ಪ್ರೇಮ್‌ಜಿ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರದಲ್ಲಿ ವನಸ್ಪತಿ ಕಂಪನಿ ಶುರು ಮಾಡಿದ್ದು 1945ರಲ್ಲಿ. ಮಗ ಹುಟ್ಟಿದ್ದೂ ಅದೇ ವರ್ಷ. ವನಸ್ಪತಿ ಅಂದರೆ ನಾವು ಡಾಲ್ಡಾ ಅಂತೀವಲ್ಲ, ಅಂಥದ್ದು. ಎಣ್ಣೆ ತೆಗೆದು ಉಳಿದದ್ದರಲ್ಲಿ 787 ಅನ್ನೋ ಬಟ್ಟೆ ಸೋಪು.

1966ರಲ್ಲಿ ತಂದೆ ತೀರಿಕೊಂಡರು. ಮಗನಿಗೆ 21 ವರ್ಷ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. ಓದು ಅರ್ಧಕ್ಕೆ ಬಿಟ್ಟು ಬಂದರು. ಷೇರುದಾರರ ಸಭೆಯಲ್ಲಿ ಒಬ್ಬರು ಎದ್ದು ನಿಂತು, ನಿನ್ನ ಕೈಯಲ್ಲಿ ಆಗೋದಲ್ಲ, ಷೇರು ಮಾರಿಬಿಡು ಅಂದರಂತೆ. ಬಿಟ್ಟ ಡಿಗ್ರಿ ಮುಗಿಸಿದ್ದು ಮೂವತ್ತು ವರ್ಷ ಕಳೆದ ಮೇಲೆ.

ನನಗೆ ಹಿಡಿಸಿದ್ದು ಶೇಂಗಾ ಕಥೆ. ನಮ್ಮಪ್ಪ ಎಣ್ಣೆ ಮಿಲ್ಲಿನಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯೋರು. ಕಿವಿ ಹತ್ತಿರ ಅಲ್ಲಾಡಿಸೋರು, ಒಡೆದು ಎರಡು ಬೀಜ ಬಾಯಿಗೆ ಹಾಕೋರು, ರೇಟು ಹೇಳೋರು. ಎಣ್ಣೆ ಎಷ್ಟು, ತೇವ ಎಷ್ಟು, ಎಲ್ಲಾ ನಾಲಿಗೆಯ ಲೆಕ್ಕ. ಅಮಳನೇರದಲ್ಲೂ ಹಾಗೇ ನಡೀತಿತ್ತು. ಈ ಹುಡುಗ ಬಂದು ಅದನ್ನ ಬಿಡಿಸಿದ. ಬೀಜ ಪರೀಕ್ಷೆ ಮಾಡಿ, ಅಳತೆ ನೋಡಿ ಖರೀದಿ. ನಾಲಿಗೆಯನ್ನೇ ನಂಬಿದ ಜನರನ್ನ ಒಪ್ಪಿಸೋದು ಎಷ್ಟು ಕಷ್ಟ ಅಂತ ನಮ್ಮಪ್ಪನನ್ನ ನೋಡಿದ ನನಗೆ ಗೊತ್ತು. ಕಂಪ್ಯೂಟರ್, ಬೆಂಗಳೂರು, ಅದೇ ಕಂಪನಿ ವಿಪ್ರೋ ಆಗಿದ್ದು, ಎಲ್ಲಾ ಆಮೇಲಿನ ಮಾತು.

ಉತ್ತರ: ಹುಬ್ಬಳ್ಳಿ ಕಾಮರ್ಸ್

ಸರ್, ಒಂದು ಮಾತು. ಕೈಗೆ ಸಿಕ್ಕ ಮಿಲ್ಲು, ಸ್ಟ್ಯಾನ್‌ಫರ್ಡ್ ಓದು. ಇಷ್ಟಿದ್ದವರನ್ನ ಬಡ ಮಕ್ಕಳ ಮುಂದೆ ಮಾದರಿ ಮಾಡಿದರೆ, ನಮಗೆ ಅದ್ಯಾವುದೂ ಇಲ್ಲವಲ್ಲ ಅಂತ ಅವು ಕುಗ್ಗೋದಿಲ್ವಾ?

ಉತ್ತರ: ಚಳ್ಳಕೆರೆ ಮಿಲ್ಲಿನ ಮಗ

ನಿಮ್ಮ ಚಿಂತೆ ಸರಿ ಇದೆ. ಅದಕ್ಕೇ ಮುಚ್ಚಿಡಬಾರದು ಅನ್ನೋದು. ಬಡವರಾಗಿದ್ದರು ಅಂತ ಹೇಳಿದರೆ, ನಾವು ಹೀಗೇ ಉಳಿದದ್ದು ನಮ್ಮದೇ ತಪ್ಪು ಅಂದುಕೊಳ್ಳುತ್ತವೆ ಮಕ್ಕಳು. ಅವರಿಗೆ ಮೊದಲೇ ಜಾಸ್ತಿ ಸಿಕ್ಕಿತ್ತು ಅಂತ ಗೊತ್ತಾಗಲಿ. ಸಿಕ್ಕಿದ್ದನ್ನ ಏನು ಮಾಡಿದರು ಅನ್ನೋದೂ ಗೊತ್ತಾಗಲಿ. 2019ರ ಮಾರ್ಚ್‌ನಲ್ಲಿ ವಿಪ್ರೋದ ಇನ್ನೂ 34% ಷೇರಿನ ಆದಾಯವನ್ನ ಫೌಂಡೇಶನ್ ಕೆಲಸಕ್ಕೆ ಬರೆದುಕೊಟ್ಟರು. ಆಗಿನ ಬೆಲೆ 52,750 ಕೋಟಿ ರೂಪಾಯಿ. ಮೊದಲಿನದೆಲ್ಲಾ ಸೇರಿ 1.45 ಲಕ್ಷ ಕೋಟಿ. ಮೊಟ್ಟೆಗೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ.

ಉತ್ತರ: ಫಿಜಿಯೋ ಅಕ್ಕ

ಅವರ ಅಮ್ಮನನ್ನ ಮರೆಯಬೇಡಿ ಟೀಚರ್. ಡಾಕ್ಟರ್ ಗುಲ್‌ಬಾನು ಪ್ರೇಮ್‌ಜಿ. ಪೋಲಿಯೋ ಬಂದ ಮಕ್ಕಳಿಗಾಗಿ ಮುಂಬೈಯಲ್ಲಿ ಆಸ್ಪತ್ರೆ ಕಟ್ಟಿ ನಡೆಸಲು ವರ್ಷಗಟ್ಟಲೆ ದುಡಿದವರು. ಕೊಡೋದನ್ನ ಕಲಿತದ್ದು ಅಮ್ಮನಿಂದ ಅಂತ ಮಗನೇ ಹೇಳಿದ್ದಾರೆ. ನಿಮ್ಮ ಹುಡುಗಿಯರಿಗೆ ಇದನ್ನ ಹೇಳಲೇಬೇಕು.

ಪ್ರಶ್ನೆ ಕೇಳಿದವರು: ಶಹಾಪುರದ ಟೀಚರ್

ತುಂಬಾ ಉಪಕಾರ ಆಯ್ತು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನ ಶೇಂಗಾ ಕೀಳೋದಕ್ಕೆ ಹೋಗಿ ಬಂದವರೇ. ಶನಿವಾರ ಒಂದು ಸೇರು ಶೇಂಗಾ ತಗೊಂಡು ಹೋಗುತ್ತೇನೆ. ಎಣ್ಣೆ ಜಾಸ್ತಿ ಇರೋ ಕಾಯಿ ಯಾವುದು ಅಂತ ಮೊದಲು ಅವರನ್ನೇ ಕೇಳುತ್ತೇನೆ. ಅಲ್ಲಿಂದ ಅಮಳನೇರಕ್ಕೆ ಹೋಗೋದು ಸುಲಭ.